ಬಾಯ್ಲರ್ ಬದಲಾದ ಎಂಜಿನ್

ಮುಂಬಯಿಯಲ್ಲಿ ಮೊದಲು ಹೊಗೆ ಬಿಟ್ಟ ರೈಲು ಎಂಜಿನ್ ಬಂದದ್ದು ಪ್ರಯಾಣಿಕರನ್ನು ಕರೆದೊಯ್ಯುವುದಕ್ಕಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೋದ 14 ಡಬ್ಬಿಗಳ ಗಾಡಿಯನ್ನು ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂದು ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೆ ಒಂದು ವರ್ಷ ಮೊದಲೇ, 1852ರಲ್ಲಿ, ಬೈಕುಲಾದ ಬಳಿ ಆಗಿನ್ನೂ ಹಾಸುತ್ತಿದ್ದ ಹಳಿಯ ಮೇಲೆ ಗುತ್ತಿಗೆದಾರರ ಎಂಜಿನ್ನೊಂದು ವ್ಯಾಗನ್‌ಗಳನ್ನು ಹಿಂದಕ್ಕೂ ಮುಂದಕ್ಕೂ ನೂಕುತ್ತಿತ್ತು. ಗವರ್ನರ್ ಲಾರ್ಡ್ ಫಾಕ್‌ಲಂಡ್‌ನ ಹೆಸರನ್ನೇ ಅದಕ್ಕೂ ಇಟ್ಟಿದ್ದರು. ಮುಂದೆ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ಪಟ್ಟಿಯಲ್ಲಿ ಅದು 9ನೇ ನಂಬರಾಯಿತು. ಈ ಊರಿನ ಉಗಿಯ ಚರಿತ್ರೆ ಶುರುವಾಗುವುದು ಹೀಗೆ, ಒಂದು ಶಂಟಿಂಗ್ ಎಂಜಿನ್ನಿನಿಂದ. ಅದು ಈಗ ಇಲ್ಲ. ಮೆರವಣಿಗೆ ಹೊರಟ ಆ ಮೂರೂ ಇಲ್ಲ.

ಇಲ್ಲ ಎಂದು ನಾನು ಅಳುತ್ತಿಲ್ಲ. ನನ್ನ ಪ್ರಶ್ನೆ ಬೇರೆ. ಫಾಕ್‌ಲಂಡ್ ಇವತ್ತು ಇದ್ದಿದ್ದರೆ, ಏನು ಇದ್ದ ಹಾಗಾಗುತ್ತಿತ್ತು?

ಅಪ್ಪ ಕಾರ್ಕಳದ ಕಡೆಯವರು. ಲಾಲ್‌ಬಾಗಿನ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್‌ವರೆಗೆ ಓದಿ, ಪರೇಲ್ ವರ್ಕ್‌ಶಾಪಿಗೆ ಖಲಾಸಿಯಾಗಿ ಹೊಕ್ಕು, ಬಾಯ್ಲರ್ ಶಾಪಿನಲ್ಲಿ ಬಾಯ್ಲರ್‌ಮೇಕರ್ ಆದರು. ಮಗಳು ಓದಿದ್ದು ತತ್ತ್ವಶಾಸ್ತ್ರ, ಕಲಿಸಿದ್ದೂ ಅದನ್ನೇ. ಆದ್ದರಿಂದ ನಮ್ಮ ಮನೆಯ ಊಟದ ಹೊತ್ತಿನ ಜಗಳಗಳು ಒಂದು ತೆರನಾಗಿದ್ದವು. ನಾನು ಎಂ.ಎ. ಓದುತ್ತಿದ್ದಾಗ ಮಿಲಿಂದ ರಾಜನ ಕಥೆಯನ್ನು ಅಪ್ಪನಿಗೆ ಹೇಳಿದ್ದೆ. ನಾಗಸೇನ ಭಿಕ್ಷು ಆ ಯವನ ರಾಜನನ್ನು ಕೇಳುತ್ತಾನೆ: ನೀನು ರಥದಲ್ಲಿ ಬಂದೆಯಲ್ಲ, ಆ ರಥ ಯಾವುದು? ಮೂಕಿಯೇ ರಥವೇ, ಅಚ್ಚೇ ರಥವೇ, ಚಕ್ರವೇ? ಯಾವುದೂ ಅಲ್ಲ. ಎಲ್ಲವನ್ನೂ ಬಿಡಿಸಿ ರಾಶಿ ಹಾಕಿದರೆ ಆ ರಾಶಿಯೂ ರಥವಲ್ಲ. ಹಾಗಾದರೆ ರಥವೆಂಬುದು ವ್ಯವಹಾರಕ್ಕೆ ಇಟ್ಟುಕೊಂಡ ಹೆಸರು ಮಾತ್ರ. ನಾನೂ ನೀನೂ ಹಾಗೆಯೇ.

ಅಪ್ಪ ಅನ್ನ ಕಲಸುತ್ತಾ, "ಆ ರಾಜ ವರ್ಕ್‌ಶಾಪು ನೋಡಿರಲಿಲ್ಲ ಅಂತ ಕಾಣುತ್ತದೆ" ಅಂದರು.

ಅವರ ಮಾತು ತಮಾಷೆಯದಲ್ಲ ಎಂದು ಗೊತ್ತಾಗಬೇಕಾದರೆ ಅಲ್ಲಿ ನಡೆಯುತ್ತಿದ್ದುದನ್ನು ಸ್ವಲ್ಪ ಹೇಳಬೇಕು. ಜಿಐಪಿ ರೈಲ್ವೆ 1879ರಲ್ಲಿ ಪರೇಲಿನಲ್ಲಿ ಲೋಕೊ ವರ್ಕ್‌ಶಾಪ್ ಕಟ್ಟಿತು. ಅದಕ್ಕೂ ಮೊದಲು ರಿಪೇರಿ ಕೆಲಸವೆಲ್ಲ ಬೈಕುಲಾದಲ್ಲಿತ್ತು. ಪಿಓಎಚ್‌ಗೆಂದು, ಅಂದರೆ ಗೊತ್ತಾದ ಅವಧಿಗೊಮ್ಮೆ ಆಗುವ ದೊಡ್ಡ ರಿಪೇರಿಗೆಂದು, ಒಳಬಂದ ಎಂಜಿನ್ನನ್ನು ಪೂರಾ ಬಿಚ್ಚುತ್ತಿದ್ದರು. ಕ್ರೇನ್ ಬಾಯ್ಲರನ್ನು ಎತ್ತಿ ಬಾಯ್ಲರ್ ಶಾಪಿಗೆ ಒಯ್ಯುತ್ತಿತ್ತು. ಚಕ್ರಗಳು ವೀಲ್ ಶಾಪಿಗೆ. ಚಕ್ರದ ಹೊರಸುತ್ತಿನ ಉಕ್ಕಿನ ಟಯರು ಸವೆದಿದ್ದರೆ ಅದನ್ನು ತೆಗೆದು, ಹೊಸದನ್ನು ಕಾಯಿಸಿ ಹಿಗ್ಗಿಸಿ, ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರ ಪಟ್ಟಿ ಹೊಡೆಯುವಂತೆ ಕೂರಿಸಿ ತಣಿಸುವರು. ಸಿಲಿಂಡರಿಗೆ ಹೊಸ ಲೈನರು, ಆ್ಯಕ್ಸಲ್ ಬಾಕ್ಸಿಗೆ ಹೊಸ ಹಿತ್ತಾಳೆ, ಪಿಸ್ಟನ್ನಿಗೆ ಹೊಸ ಉಂಗುರ.

ಇದರಲ್ಲಿ ತಡವಾಗುವ ಕೆಲಸ ಬಾಯ್ಲರಿನದು. ನೂರಾರು ಟ್ಯೂಬು ಹೊಡೆದು ತೆಗೆಯಬೇಕು, ಒಳಗೆ ಕಟ್ಟಿದ ಉಪ್ಪಿನ ಪೊರೆ ಕೆರೆಯಬೇಕು, ಬೆಂಕಿಪೆಟ್ಟಿಗೆಯ ಒಳಗೋಡೆ ಹೊರಗೋಡೆಗಳನ್ನು ಹಿಡಿದಿಡುವ ಸ್ಟೇ ಬೋಲ್ಟುಗಳನ್ನು ಸುತ್ತಿಗೆಯಿಂದ ತಟ್ಟಿ ಸದ್ದಿನಿಂದಲೇ ಯಾವುದು ಮುರಿದಿದೆ ಎಂದು ಹೇಳಬೇಕು. ಕೊನೆಗೆ ತಣ್ಣೀರಿನ ಒತ್ತಡದ ಪರೀಕ್ಷೆ, ಆಮೇಲೆ ಸ್ಟೀಮ್ ಟೆಸ್ಟ್. ಅಷ್ಟು ದಿನ ಎಂಜಿನ್ನಿನ ಉಳಿದ ಮೈ ಕಾಯುತ್ತಾ ನಿಂತರೆ ರೈಲ್ವೆಗೆ ನಷ್ಟ. ಹಾಗಾಗಿ ಅದೇ ಕ್ಲಾಸಿನ ಇನ್ನೊಂದು ಎಂಜಿನ್ನಿನಿಂದ ಮುಂಚೆಯೇ ಬಿಚ್ಚಿ ಸರಿಮಾಡಿಟ್ಟ ಬಾಯ್ಲರನ್ನು ಇದಕ್ಕೆ ಇಳಿಸಿ ಕಳಿಸಿಬಿಡುವುದು. ಇದರದ್ದು ರಿಪೇರಿಯಾದ ಮೇಲೆ ಮತ್ತೊಂದಕ್ಕೆ. ಪ್ರತಿ ಬಾಯ್ಲರಿಗೂ ತನ್ನದೇ ನಂಬರಿತ್ತು, ತನ್ನದೇ ದಾಖಲೆಯ ಕಾರ್ಡಿತ್ತು. ಇಪ್ಪತ್ತು ಮೂವತ್ತು ವರ್ಷ ದುಡಿದ ಎಂಜಿನ್ನಿನಲ್ಲಿ ಹುಟ್ಟಿದಾಗಿನ ಬಾಯ್ಲರೂ ಇರುವುದಿಲ್ಲ, ಟಯರೂ ಇರುವುದಿಲ್ಲ. ಉಳಿಯುವುದು ಫ್ರೇಮು. ಫ್ರೇಮು ಯಾವುದೋ ನಂಬರು ಅದರದ್ದು. ರೈಲ್ವೆ ನಾಗಸೇನನ ಅನಾತ್ಮವಾದಕ್ಕೆ ಕೊಟ್ಟ ಉತ್ತರ ಇಷ್ಟು ಸರಳ. ಹೆಸರು ಮಾತ್ರವಲ್ಲ, ಎರಡು ದಪ್ಪ ಉಕ್ಕಿನ ಹಲಗೆಗಳ ಮೇಲೆ ನಿಂತ ಹೆಸರು.

ಅಪ್ಪ ಈ ಉತ್ತರವನ್ನೂ ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ಎಂಜಿನ್ನಿನ ಗುಣ ಇರುವುದು ಬಾಯ್ಲರಿನಲ್ಲಿ. ಒಂದೇ ಡ್ರಾಯಿಂಗಿನಿಂದ ಒಂದೇ ಕಾರ್ಖಾನೆಯಲ್ಲಿ ಆದ ಎರಡು ಬಾಯ್ಲರುಗಳಲ್ಲಿ ಒಂದು ಬೇಗ ಉಗಿ ಕಟ್ಟುತ್ತದೆ, ಇನ್ನೊಂದು ಸೋಮಾರಿ. ಒಂದಕ್ಕೆ ಎಡಮೂಲೆಯ ಸ್ಟೇಗಳೇ ಪದೇ ಪದೇ ಸೋರುತ್ತವೆ. ಏಕೆಂದು ಯಾರಿಗೂ ಗೊತ್ತಿಲ್ಲ. ಬಾಯ್ಲರ್ ಬದಲಾದ ಮೇಲೆ ಶೆಡ್ಡಿನ ಡ್ರೈವರುಗಳು ಬಂದು, ನಮ್ಮ ಎಂಜಿನ್ ಎಲ್ಲಿ ಹೋಯಿತು ಎಂದು ಕೇಳುತ್ತಿದ್ದರಂತೆ. ನಂಬರು ಅದೇ, ಆದರೆ ಬೆಂಕಿ ಹಾಕುವವನ ಕೈಗೆ ಅದು ಬೇರೆ.

ನಮ್ಮದು ಮಾಧ್ವರ ಮನೆಯಲ್ಲ. ಅವರ ಪಂಚಭೇದವನ್ನು, ಅಂದರೆ ಐದು ಭೇದಗಳ ಸಿದ್ಧಾಂತವನ್ನು, ನಾನು ಕಲಿತದ್ದು ತರಗತಿಯಲ್ಲಿ. ಈಶ್ವರನಿಗೂ ಜೀವಕ್ಕೂ, ಈಶ್ವರನಿಗೂ ಜಡಕ್ಕೂ, ಜೀವ ಜೀವಕ್ಕೂ, ಜೀವಕ್ಕೂ ಜಡಕ್ಕೂ ಭೇದವಿದೆ ಎಂಬ ನಾಲ್ಕನ್ನು ಪಾಠ ಮಾಡುವಾಗ ವಿದ್ಯಾರ್ಥಿಗಳು ಎಚ್ಚರವಾಗಿರುತ್ತಾರೆ. ಐದನೆಯದು ಜಡಕ್ಕೂ ಜಡಕ್ಕೂ ಇರುವ ಭೇದ. ಅದನ್ನು ಪಟ್ಟಿ ತುಂಬಿಸಲು ಸೇರಿಸಿದಂತೆ ಎಲ್ಲರೂ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಮಾತ್ರ ಆ ಐದನೆಯದೇ ಬಹಳ ದೊಡ್ಡ ಮಾತು ಅನ್ನಿಸುತ್ತಾ ಬಂದಿದೆ. ಒಂದು ಕಲ್ಲು ಇನ್ನೊಂದು ಕಲ್ಲಲ್ಲ, ಮತ್ತು ಆ ಬೇರೆತನ ನಮ್ಮ ಕಣ್ಣಿನ ಭ್ರಮೆಯಲ್ಲ, ನಿಜ. ಉಡುಪಿಯ ಆಚಾರ್ಯರು ಹದಿಮೂರನೇ ಶತಮಾನದಲ್ಲಿ ಹೇಳಿದ್ದನ್ನು ಶಾಸ್ತ್ರದ ಗಂಧವಿಲ್ಲದ ಅಪ್ಪ ಸುತ್ತಿಗೆಯ ಸದ್ದಿನಿಂದ ತಿಳಿದಿದ್ದರು. ಜಡ ಎಂದು ನಾವು ಕರೆಯುವ ವಸ್ತುವಿಗೆ ಚೇತನ ಇಲ್ಲದಿರಬಹುದು. ತನ್ನತನ ಇಲ್ಲ ಎಂದು ಯಾರು ಹೇಳಿದರು?

ಆದರೆ ಪರೇಲಿನಲ್ಲಿದ್ದುಕೊಂಡು ಇಷ್ಟಕ್ಕೇ ನಿಲ್ಲಿಸಲು ಆಗುವುದಿಲ್ಲ. ವರ್ಕ್‌ಶಾಪಿನ ಗೋಡೆ ದಾಟಿ ಲಾಲ್‌ಬಾಗಿನ ಕಡೆ ನಡೆದರೆ, ಮಳೆಗಾಲದ ತಿಂಗಳುಗಳಲ್ಲಿ ತಾಡಪತ್ರಿ ಕಟ್ಟಿದ ಶೆಡ್ಡುಗಳಲ್ಲಿ ಗಣಪತಿ ಮೂರ್ತಿಗಳು ಎದ್ದು ನಿಲ್ಲುತ್ತಿರುತ್ತವೆ. ಲಾಲ್‌ಬಾಗ್‌ಚಾ ರಾಜಾ 1934ರಿಂದ ಕೂರುತ್ತಿದ್ದಾನೆ. ಹೋದ ವರ್ಷದವನನ್ನು ಅನಂತ ಚತುರ್ದಶಿಗೆ ಹೊರಟ ಮೆರವಣಿಗೆ ಗಿರಗಾಂವ್ ಚೌಪಾಟಿಯ ಸಮುದ್ರಕ್ಕೆ ಒಪ್ಪಿಸಿ ಬಂದಿದೆ. ಮಣ್ಣಾಗಲಿ ಬಣ್ಣವಾಗಲಿ ಒಂದು ಚೂರೂ ಉಳಿದಿಲ್ಲ. ಈ ವರ್ಷ ಬರುವವನು ಬೇರೆ ಗಣಪತಿ ಎಂದು ಸಾಲಿನಲ್ಲಿ ರಾತ್ರಿಯಿಡೀ ನಿಂತವರಿಗೆ ಹೇಳಿ ನೋಡಿ! ಅದೇ ಮುಖ, ಅದೇ ಕೂತ ಭಂಗಿ, ಅದೇ ರಾಜಾ. ಇಲ್ಲಿ ಫ್ರೇಮೂ ಇಲ್ಲ, ಬಾಯ್ಲರೂ ಇಲ್ಲ. ರೂಪ, ಹೆಸರು ಮತ್ತು ಆ ರೂಪವನ್ನು ಮತ್ತೆ ಮಾಡಬಲ್ಲ ಕೈಗಳು. ದೇವರನ್ನೇ ಪ್ರತಿವರ್ಷ ನೀರಿಗೆ ಬಿಟ್ಟು ನೆಮ್ಮದಿಯಾಗಿ ಮನೆಗೆ ಬರುವ ಜನ, ಎಂಜಿನ್ನು ಗುಜರಿಗೆ ಹೋಯಿತೆಂದರೆ ಯಾಕೆ ಕಳವಳಪಡಬೇಕು?

ಇಂಗ್ಲೆಂಡಿನವರು ಒಮ್ಮೆ ಲಾಲ್‌ಬಾಗಿನ ದಾರಿಯಲ್ಲೇ ನಡೆದಿದ್ದಾರೆ, ಅವರಿಗೆ ಗೊತ್ತಿಲ್ಲದಿದ್ದರೂ. ಅಲ್ಲಿನ ಎ1 ಎಂಬ ಕ್ಲಾಸಿನ 49 ಎಂಜಿನ್‌ಗಳೂ 1966ರ ಹೊತ್ತಿಗೆ ಮುಗಿದುಹೋಗಿದ್ದವು. ಒಂದನ್ನೂ ಉಳಿಸಿಕೊಂಡಿರಲಿಲ್ಲ. ಹಳೆಯ ಡ್ರಾಯಿಂಗುಗಳನ್ನು ಇಟ್ಟುಕೊಂಡು, ಜನರಿಂದ ಹಣ ಕೂಡಿಸಿ, 2008ರಲ್ಲಿ ಐವತ್ತನೆಯದನ್ನು ಹೊಸದಾಗಿ ಕಟ್ಟಿದರು. ಹೆಸರು ಟೊರ್ನೇಡೊ. ಹಳೆಯವುಗಳ ಕೊನೆಯ ನಂಬರು 60162. ಇದಕ್ಕೆ 60163 ಕೊಟ್ಟರು. ನಡುವೆ ನಲವತ್ತು ವರ್ಷಕ್ಕೂ ಮೀರಿದ ಖಾಲಿ ಇದ್ದರೂ ನಂಬರಿನಲ್ಲಿ ಖಾಲಿ ಇಲ್ಲ. ಇದನ್ನು ನಕಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನಮ್ಮಲ್ಲಿ 2023ರ ಅಕ್ಟೋಬರ್ 31ರಂದು ಏಕತಾನಗರ ಮತ್ತು ಅಹಮದಾಬಾದ್ ನಡುವೆ ಶುರುವಾದ ಹೆರಿಟೇಜ್ ರೈಲಿನ ಎಂಜಿನ್ನಿಗೆ ಹೊರಗಿನಿಂದ ಉಗಿ ಎಂಜಿನ್ನಿನ ರೂಪ ಕೊಟ್ಟಿದ್ದಾರೆ, ಓಡುವುದು ಕರೆಂಟಿನಿಂದ. ಅದನ್ನು ವೇಷ ಎನ್ನುತ್ತೇನೆ. ಯಕ್ಷಗಾನದ ಊರಿನವಳಿಗೆ ವೇಷದ ಬಗ್ಗೆ ತಾತ್ಸಾರವಿಲ್ಲ. ಆದರೆ ಚೌಕಿಗೆ ಹೋದ ಮೇಲೆ ಬಣ್ಣ ತೊಳೆಯಬೇಕಲ್ಲ.

ಇನ್ನು ಶಂಟಿಂಗ್ ಎಂಜಿನ್ನಿನ ವಿಷಯ. ನಾನು ಈ ಲೇಖನಕ್ಕೆ ಕೂತದ್ದೇ ಅದಕ್ಕಾಗಿ.

ಸಣ್ಣ ಚಕ್ರ, ಹಿಂದೆ ಟೆಂಡರ್ ಇಲ್ಲ, ನೀರಿನ ಟ್ಯಾಂಕನ್ನು ಪಕ್ಕೆಗಳಲ್ಲೇ ಹೊತ್ತ ಮೈ. ಹಿಂದೆ ಮುಂದೆ ಎರಡೂ ಕಡೆ ಒಂದೇ ಸಮನಾಗಿ ಓಡಬೇಕು, ಯಾಕೆಂದರೆ ಅದಕ್ಕೆ ಮುಂದೆ ಎಂಬುದೇ ಇಲ್ಲ. ಶಿವಡಿಯ ಹತ್ತಿ ಡಿಪೋ, 1915ರಲ್ಲಿ ಶುರುವಾದ ಪೋರ್ಟ್ ಟ್ರಸ್ಟ್ ರೈಲ್ವೆಯ ವಡಾಲಾ ಯಾರ್ಡು, ಗಿರಣಿಗಳ ಸೈಡಿಂಗು: ಇಂಥ ಕಡೆ ವ್ಯಾಗನ್ ಬಿಡಿಸು, ಸೇರಿಸು, ಪಾಯಿಂಟ್ಸ್‌ಮನ್ ಕೈ ಬೀಸಿದಾಗ ನಿಲ್ಲು, ಮತ್ತೆ ನೂಕು. ನಿಂತಾಗಲೆಲ್ಲ ಸಿಲಿಂಡರಿನಲ್ಲಿ ಉಗಿ ತಣಿದು ನೀರಾಗುತ್ತದೆ, ಹೊರಡುವಾಗಲೆಲ್ಲ ಆ ನೀರನ್ನು ಹೊರಬಿಡಬೇಕು. ಕೆಲಸಕ್ಕಿಂತ ಕಾಯುವುದೇ ಹೆಚ್ಚು, ಕಾಯುವಾಗಲೂ ಬೆಂಕಿ ಉರಿಯಬೇಕು. ತಣ್ಣಗಾದ ಬಾಯ್ಲರಿನಲ್ಲಿ ಮತ್ತೆ ಉಗಿ ಏಳಿಸಲು ಗಂಟೆಗಟ್ಟಲೆ ಬೇಕಾಗುವುದರಿಂದ ಆರಿಸುವಂತಿಲ್ಲ. ಜಗತ್ತಿನ ಬಹಳ ಕಡೆ ಡೀಸೆಲ್ ಮೊದಲು ಕಿತ್ತುಕೊಂಡದ್ದು ಈ ಕೆಲಸವನ್ನೇ. ಸುಮ್ಮನೆ ನಿಲ್ಲುವುದಕ್ಕೆ ಕಲ್ಲಿದ್ದಲು ಸುಡುವುದು ಲೆಕ್ಕಕ್ಕೆ ಹೊಂದಲಿಲ್ಲ. ದಿನವಿಡೀ ಓಡಿ ಸಂಜೆ ನೋಡಿದರೆ ಬೆಳಿಗ್ಗೆ ಇದ್ದಲ್ಲೇ ಇರುತ್ತದೆ. ಅದು ಕಟ್ಟಿಕೊಟ್ಟ ಗಾಡಿ ಮಾತ್ರ ಕಲಕತ್ತೆಗೋ ಮದ್ರಾಸಿಗೋ ಹೋಗಿರುತ್ತದೆ.

ಕನ್ನಡ ಸಂಘದ ಸಭೆಯಲ್ಲಿ ಎಂಜಿನ್ ಸಂರಕ್ಷಣೆಯ ಮಾತೆತ್ತಿದರೆ ಯಾರಾದರೊಬ್ಬರು ಸ್ಥಾವರ ಜಂಗಮದ ವಚನ ಹೇಳಿಯೇ ತೀರುತ್ತಾರೆ: ಕಟ್ಟೆಯ ಮೇಲೆ ನಿಂತದ್ದು ಸ್ಥಾವರ, ಹಳಿಯ ಮೇಲೆ ಓಡುವುದು ಜಂಗಮ, ಆದ್ದರಿಂದ ಓಡಿಸಿ. ಚಪ್ಪಾಳೆ ಬೀಳುತ್ತದೆ. ಬಸವಣ್ಣನವರು ಚಕ್ರ ಇದೆಯೋ ಇಲ್ಲವೋ ಎಂದು ನೋಡಿ ಹೇಳಿದ್ದಲ್ಲ ಅದು. ಹಾಗೆ ನೋಡಿದರೆ ಶಂಟಿಂಗ್ ಎಂಜಿನ್ನನ್ನು ಯಾವ ಪಂಕ್ತಿಯಲ್ಲಿ ಕೂರಿಸುತ್ತೀರಿ? ಎಲ್ಲಿಗೂ ಹೋಗುವುದಿಲ್ಲ, ನಿಲ್ಲುವುದೂ ಇಲ್ಲ.

ಮ್ಯೂಸಿಯಂಗಳಿಗೂ ಅದನ್ನು ಎಲ್ಲಿ ಕೂರಿಸಬೇಕೆಂದು ಗೊತ್ತಿಲ್ಲ. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂ 1977ರಲ್ಲಿ ತೆರೆಯಿತು, ಮೈಸೂರಿನದು 1979ರಲ್ಲಿ. ಜನ ನೋಡಲು ಹೋಗುವುದು 1855ರ ಫೇರಿ ಕ್ವೀನ್‌ನಂಥವನ್ನು, ರಾಜರಾಣಿಯರ ಸಲೂನುಗಳನ್ನು. ಚಿತ್ತರಂಜನ್ ಕಾರ್ಖಾನೆ 1970ರಲ್ಲಿ ಕಟ್ಟಿದ ಕೊನೆಯ ಡಬ್ಲ್ಯೂಜಿ ಎಂಜಿನ್ನಿಗೆ ಅಂತಿಮ್ ಸಿತಾರಾ ಎಂದು ಹೆಸರಿತ್ತು. ಯಾರ್ಡಿನ ಎಂಜಿನ್ನಿಗೆ ಅಂತಿಮ ಎಂಬ ಗಳಿಗೆಯನ್ನು ಯಾರೂ ಗುರುತಿಡುವುದಿಲ್ಲ. ಹೊರದೇಶಗಳಲ್ಲಿ ಶಂಟಿಂಗ್ ಎಂಜಿನ್‌ಗಳು ಉಳಿದಿದ್ದರೆ ಅದು ಪ್ರೀತಿಯಿಂದಲ್ಲ, ಉಪಯೋಗದಿಂದ. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದ ಸೇನೆ ಎಸ್100 ಎಂಬ ಆರು ಚಕ್ರದ 382 ಟ್ಯಾಂಕ್ ಎಂಜಿನ್‌ಗಳನ್ನು ಕಟ್ಟಿಸಿತು. ಯುದ್ಧ ಮುಗಿದ ಮೇಲೆ ಕೆಲವು ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿಗೆ, ಬಹಳಷ್ಟು ಯುಗೊಸ್ಲಾವಿಯಾಕ್ಕೆ ಹೋದವು. ಅಲ್ಲಿನವರು ಅದೇ ಮಾದರಿಯನ್ನು ತಾವೇ ಮಾಡಿಕೊಂಡರು. ಗಣಿ, ಕಾರ್ಖಾನೆ, ಬಂದರುಗಳ ಮೂಲೆಗಳಲ್ಲಿ ದುಡಿಯುತ್ತಾ ಉಳಿದದ್ದರಿಂದಲೇ, ಉಳಿಸಬೇಕು ಎಂಬ ಬುದ್ಧಿ ಬರುವವರೆಗೂ ಅವು ಬಾಳಿದವು. ಸೌತಾಂಪ್ಟನ್ನಿನವುಗಳಲ್ಲಿ ನಾಲ್ಕು ಈಗಲೂ ಇವೆ.

ನಮ್ಮ ಪದ್ಧತಿ ಕಟ್ಟೆ ಕಟ್ಟಿ ನಿಲ್ಲಿಸುವುದು. ನೇರಳ್ ಸ್ಟೇಷನ್ನಿನಲ್ಲಿ ಮಾಥೇರಾನಿನ ಪುಟ್ಟ ಎಂಜಿನ್ ನಿಂತಿದೆ. ಅದರ ಸೋದರ ಎಂಜಿನ್ನೊಂದು ಬ್ರಿಟನ್ನಿಗೆ ಹೋಯಿತು. ಕಟ್ಟೆಯ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಹಿತ್ತಾಳೆ, ತಾಮ್ರ ಕಳವಾಗದಂತೆ ಮೊದಲೇ ಬಿಚ್ಚಿಡುತ್ತಾರೆ, ಇಲ್ಲವಾದರೆ ಆಮೇಲೆ ಕಳವಾಗುತ್ತದೆ. ವರ್ಷಕ್ಕೊಮ್ಮೆ ಕಪ್ಪು ಬಣ್ಣ, ಕೆಂಪು ಪಟ್ಟಿ. ಮಳೆನೀರು ಚಿಮಣಿಯಿಂದಿಳಿದು ಒಳಗಿನಿಂದ ತಿನ್ನುತ್ತಿದ್ದರೂ ಹೊರಗಿನಿಂದ ಕಾಣುವುದಿಲ್ಲ. ನಂಬರು ಇದೆ, ಫ್ರೇಮು ಇದೆ. ರೈಲ್ವೆಯ ಶಾಸ್ತ್ರದ ಪ್ರಕಾರ ಅದು ಅದೇ ಎಂಜಿನ್. ಅಪ್ಪನ ಶಾಸ್ತ್ರದ ಪ್ರಕಾರ? ಬೆಂಕಿ ಹಾಕದೆ ಹೇಳಲಾಗದು.

ಕಟ್ಟೆಯ ಮೇಲೆ ನನಗೆ ಸಿಟ್ಟು ಬರುವುದು ಧಾರ್ಮಿಕ ಕಾರಣಕ್ಕೆ. ಕರಾವಳಿಯಲ್ಲಿ ದೇವಸ್ಥಾನ ಹಳತಾದರೆ ನಾವು ಏನು ಮಾಡುತ್ತೇವೆ? ಪ್ರಶ್ನೆ ಇಡುತ್ತೇವೆ. ಬಾಲಾಲಯ ಕಟ್ಟುತ್ತೇವೆ. ತಂತ್ರಿಗಳು ಬಿಂಬದಲ್ಲಿದ್ದ ಸಾನ್ನಿಧ್ಯವನ್ನು ಕಲಶದ ನೀರಿಗೆ ಇಳಿಸಿ, ಬಾಲಾಲಯಕ್ಕೆ ಒಯ್ಯುತ್ತಾರೆ. ಆಮೇಲೆ ಗರ್ಭಗುಡಿಯ ಕಲ್ಲನ್ನು ಕೀಳಲು ಯಾರೂ ಹೆದರುವುದಿಲ್ಲ, ಅಲ್ಲಿ ಈಗ ಇರುವುದು ಕಲ್ಲು ಮಾತ್ರ. ಮರ ಬದಲಾಗುತ್ತದೆ, ಮಾಡು ಬದಲಾಗುತ್ತದೆ, ಬಿಂಬ ಭಿನ್ನವಾಗಿದ್ದರೆ ಬಿಂಬವೂ ನೀರಿಗೆ ಹೋಗಿ ಹೊಸದು ಬರುತ್ತದೆ. ಅಷ್ಟಬಂಧ ಹಾಕಿ, ಬ್ರಹ್ಮಕಲಶ ಮುಗಿದ ಮೇಲೆ, ಇದು ಅದೇ ದೇವರಲ್ಲ ಎನ್ನುವವರಿಲ್ಲ. ಅಷ್ಟಬಂಧಕ್ಕೆ ಹನ್ನೆರಡು ವರ್ಷ ಆಯುಸ್ಸು. ಮತ್ತೆ ಅದೇ ಕೆಲಸ. ಊರಿನ ಪ್ರತಿ ದೇವಸ್ಥಾನಕ್ಕೂ ಒಂದು ಮುಂಬಯಿ ಸಮಿತಿ ಇರುವುದು ಈ ಕಾರಣಕ್ಕೇ. ರಸೀದಿ ಪುಸ್ತಕ ಹಿಡಿದುಕೊಂಡು ಅವರು ಪರೇಲಿಗೂ ಬರುತ್ತಾರೆ, ನಾವು ಕೊಡುತ್ತೇವೆ.

ಈ ಪಾಳಿಯಿಂದ ಆಗುವ ಲಾಭ ದೇವರಿಗಷ್ಟೇ ಅಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಕೆಲಸ ಸಿಗುವುದರಿಂದ ಶಿಲ್ಪಿಯ ಮಗ ಉಳಿ ಹಿಡಿಯುತ್ತಾನೆ, ಮಾಡು ಕಟ್ಟುವ ಆಚಾರಿಗೆ ಲೆಕ್ಕ ಮರೆಯುವುದಿಲ್ಲ, ತಂತ್ರಿಯ ಶಿಷ್ಯನಿಗೆ ಮಂತ್ರ ಬಾಯಲ್ಲಿರುತ್ತದೆ. ಲಾಲ್‌ಬಾಗಿನಲ್ಲಿ ಅದೇ ಕೆಲಸ ಪ್ರತಿವರ್ಷ ಆಗುತ್ತದೆ. ಪಿಓಎಚ್‌ನಲ್ಲಿ ಆಗುತ್ತಿದ್ದದ್ದೂ ಇದೇ. ಎಂಜಿನ್ನು ಅದೇ ಎಂಜಿನ್ನಾಗಿ ಇರುತ್ತಿದ್ದದ್ದು ಅದನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟುವ ಕೈಗಳು ಇದ್ದದ್ದರಿಂದ. ದೇಶದ ಬ್ರಾಡ್‌ಗೇಜ್ ಹಳಿಗಳ ಮೇಲೆ ಉಗಿಯ ನಿತ್ಯದ ಓಡಾಟ 1995ರ ಡಿಸೆಂಬರಿನಲ್ಲಿ ಮುಗಿಯಿತು. 1997ರಲ್ಲಿ ಫೇರಿ ಕ್ವೀನನ್ನು ಮತ್ತೆ ಓಡಿಸಿದಾಗ ಅದಕ್ಕೆ ಕೈ ಹಚ್ಚಿದ ಜನ ಇನ್ನೂ ಇದ್ದರು. ಆಗ ನಡುವಯಸ್ಸಿನವನಾಗಿದ್ದ ಬಾಯ್ಲರ್‌ಮೇಕರ್ ಕೂಡ ಈಗ ನಿವೃತ್ತ. ಸ್ಟೇ ಬೋಲ್ಟನ್ನು ತಟ್ಟಿ ಸದ್ದು ಕೇಳುವ ವಿದ್ಯೆಯನ್ನು ಬರೆದಿಟ್ಟು ಕಲಿಸಲಾಗುವುದಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಓದಿದವರು, ಹಾಗಾದರೆ ಹಳೆಯ ಲೋಹ ಹೋದರೆ ಹೋಗಲಿ, ವಿದ್ಯೆ ಉಳಿದರೆ ಸಾಕು ಎನ್ನುತ್ತೀರಾ ಎಂದು ಕೇಳಬಹುದು. ಪೂರ್ತಿ ಹಾಗೆ ಹೇಳಲು ನನ್ನಿಂದ ಆಗುವುದಿಲ್ಲ. ಆ ಐದನೇ ಭೇದ ಅಡ್ಡ ಬರುತ್ತದೆ. ಹಳೆಯ ಬೆಂಕಿಪೆಟ್ಟಿಗೆಯ ಗೋಡೆಯಲ್ಲಿ ತೇಪೆಗಳಿರುತ್ತವೆ. ಒಂದೊಂದು ತೇಪೆಯ ಅಂಚನ್ನು ಒಬ್ಬೊಬ್ಬರು ಒಂದೊಂದು ರೀತಿ ಬಡಿದು ಮುಚ್ಚಿರುತ್ತಾರೆ. ಅಪ್ಪ ಬೇರೆಯವರ ಕೆಲಸವನ್ನು ನೋಡಿ ಇದು ಇಂಥವರ ಕೈ ಎಂದು ಹೇಳುತ್ತಿದ್ದರು. ಕೊಂಕಣದವರು, ತೆಲುಗರು, ಗೋವೆಯವರು, ನಮ್ಮ ಕಡೆಯವರು, ಹಾಜರಿ ಪುಸ್ತಕದ ಹೊರಗೆ ಎಲ್ಲೂ ಹೆಸರಿಲ್ಲದವರು, ಆ ಲೋಹದಲ್ಲಿ ಇದ್ದಾರೆ. ಹೊಸದಾಗಿ ಕಟ್ಟಿದ ಎಂಜಿನ್ನಿನಲ್ಲಿ ಅವರಿರುವುದಿಲ್ಲ. ದೇವರಿಗೆ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸುವ ವಿಧಿ ಇದೆ. ದುಡಿದವರ ಗುರುತನ್ನು ಇಳಿಸುವ ವಿಧಿ ಯಾವ ಆಗಮದಲ್ಲೂ ಇಲ್ಲ. ಗಿರಣಿಗಳ ವಿಷಯದಲ್ಲಿ ಪರೇಲ್ ಇದನ್ನು ನೋಡಿದೆ. 1982ರ ಜನವರಿಯಲ್ಲಿ ಶುರುವಾದ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿದ ಗಿರಣಿಗಳ ಜಾಗದಲ್ಲಿ ಮಾಲ್‌ಗಳು ಎದ್ದವು. ಕೆಲವು ಕಡೆ ಚಿಮಣಿಯನ್ನು ಮಾತ್ರ ಅಲಂಕಾರಕ್ಕೆ ಬಿಟ್ಟಿದ್ದಾರೆ. ಚಿಮಣಿ ಅಸಲಿಯೇ, ಒಂದು ಇಟ್ಟಿಗೆಯೂ ಬದಲಾಗಿಲ್ಲ.

ನನ್ನ ಕೈಯಲ್ಲಿದ್ದರೆ ಇಷ್ಟು ಮಾಡುತ್ತಿದ್ದೆ. ರಾಣಿಯರು ಸಾಕು, ದೇಶದ ಯಾವುದಾದರೂ ಕಟ್ಟೆಯ ಮೇಲಿರುವ ಒಂದು ಸಣ್ಣ ಟ್ಯಾಂಕ್ ಎಂಜಿನ್ನನ್ನು ಇಳಿಸಿ ಪರೇಲಿಗೆ ತರಬೇಕು. ಓಡಿಸುವುದಕ್ಕೆ ಅರ್ಧ ಕಿಲೋಮೀಟರ್ ಸೈಡಿಂಗ್ ಇದ್ದರೆ ಸಾಕು, ಅದು ಹುಟ್ಟಿದ್ದೇ ಅಷ್ಟಕ್ಕೆ. ಅಪ್ರೆಂಟಿಸ್ ಹುಡುಗರ ಕೈಗೆ ಕೊಟ್ಟು, ಹನ್ನೆರಡು ವರ್ಷಕ್ಕೊಮ್ಮೆ ಪೂರಾ ಬಿಚ್ಚಬೇಕು. ಹೊಗೆಯ ತಕರಾರು ನ್ಯಾಯವಾದದ್ದೇ, ಪರೇಲಿನ ಗಾಳಿಗೆ ಇನ್ನೊಂದು ಚಿಮಣಿ ಬೇಡ; ವರ್ಷಕ್ಕೆ ಒಂದು ದಿನ, ಖಂಡೇನವಮಿಗೆ, ಬೆಂಕಿ ಹಾಕಿದರೆ ಆಯಿತು. ತೆಗೆದ ಹಳೆಯ ತಗಡನ್ನು ಗುಜರಿಗೆ ಹಾಕದೆ ಪಕ್ಕದಲ್ಲೇ ಗೋಡೆಗೆ ನಿಲ್ಲಿಸಬೇಕು, ತೇಪೆ ಕಾಣುವ ಹಾಗೆ. ಇನ್ನು ಮುಂದಿನ ಬೋರ್ಡಿನಲ್ಲಿ ಕಟ್ಟಿದ ಕಂಪನಿ, ಇಸವಿ, ತೂಕ ಇಷ್ಟನ್ನೇ ಬರೆಯುವ ಅಭ್ಯಾಸ ಬಿಟ್ಟು, ಯಾವ ಯಾವ ನಂಬರಿನ ಬಾಯ್ಲರುಗಳು ಅದರ ಮೇಲೆ ಕೂತು ಹೋದವು, ಕೊನೆಯ ಸ್ಟೀಮ್ ಟೆಸ್ಟ್ ಯಾವ ತಾರೀಕಿಗಾಯಿತು, ಆ ದಿನ ಕಾರ್ಡಿಗೆ ಸಹಿ ಹಾಕಿದವರು ಯಾರು ಎಂದು ಬರೆಯಬೇಕು. ಬಾಯ್ಲರ್ ಕಾರ್ಡುಗಳು ರದ್ದಿಯವನ ತಕ್ಕಡಿ ಹತ್ತಿಲ್ಲದಿದ್ದರೆ ಅದೆಲ್ಲ ಅದರಲ್ಲೇ ಸಿಗುತ್ತದೆ.